ಸೀಮೆಸುಣ್ಣದ ಅಕ್ಷರ

ಆ ಅಕ್ಷರವನ್ನು ಬರೆಯಲು ವೈದ್ಯರಿಗೆ ಹಿಡಿಯುತ್ತಿದ್ದ ಹೊತ್ತು ಕೆಲವೇ ಸೆಕೆಂಡು. ಅದನ್ನು ಅಳಿಸಿಕೊಳ್ಳಲು ಕೆಲವರಿಗೆ ದಿನಗಳು ಬೇಕಾದವು, ಕೆಲವರಿಗೆ ತಿಂಗಳುಗಳು. ಇನ್ನು ಕೆಲವರ ಪಾಲಿಗೆ ಅದು ಅಳಿಯಲೇ ಇಲ್ಲ.

ನ್ಯೂಯಾರ್ಕ್ ಬಂದರಿನೊಳಗಿರುವ ಎಲ್ಲಿಸ್ ದ್ವೀಪದಲ್ಲಿ 1892ರ ಜನವರಿ 1ರಂದು ತೆರೆದ ವಲಸೆ ಠಾಣೆಯು 1954ರ ನವೆಂಬರಿನಲ್ಲಿ ಮುಚ್ಚುವವರೆಗೆ ಸುಮಾರು 1 ಕೋಟಿ 20 ಲಕ್ಷ ಜನ ಅದರ ಮೂಲಕ ಹಾದುಹೋದರು. ಇಟಲಿಯ ಕೂಲಿಗಳು, ರಷ್ಯಾದ ಯೆಹೂದಿಗಳು, ಪೋಲೆಂಡಿನ ರೈತರು, ಐರ್ಲೆಂಡಿನ ಹುಡುಗಿಯರು. ಈ ಚರಿತ್ರೆಯನ್ನು ಹೇಳುವವರು ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ಹೇಳುತ್ತಾರೆ, ಹಡಗಿನ ತಳದ ದುರ್ವಾಸನೆಯನ್ನು ಹೇಳುತ್ತಾರೆ, ಬರಿಗೈಯಲ್ಲಿ ಬಂದು ಬಾಳಿ ಬದುಕಿದವರನ್ನು ಹೇಳುತ್ತಾರೆ. ಬಂದವರು ದ್ವೀಪದಲ್ಲಿ ಮೊಟ್ಟಮೊದಲು ಎದುರಿಸುತ್ತಿದ್ದ ವೈದ್ಯರ ಮಾತು ಮಾತ್ರ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ. ನಮಗೆ ಕುತೂಹಲ ಹುಟ್ಟಿಸಿದ್ದು ಆ ಒಂದೆರಡು ಸಾಲು.

ಆ ವೈದ್ಯರು ಸೈನ್ಯದವರಂತೆ ಕಾಣುವ ಸಮವಸ್ತ್ರ ಧರಿಸುತ್ತಿದ್ದರು. ಸಾಮ್ರಾಟರ ಸೇನೆಗೆ ಬಲವಂತದ ಭರ್ತಿಯಾಗುವುದನ್ನು ತಪ್ಪಿಸಿಕೊಂಡು ಬಂದ ಪೂರ್ವ ಯುರೋಪಿನ ತರುಣನಿಗೆ, ಹೊಸ ದೇಶದ ಬಾಗಿಲಲ್ಲಿ ಮತ್ತೆ ಒಬ್ಬ ಸಿಪಾಯಿಯೇ ನಿಂತಂತೆ ಕಂಡರೆ ಆಶ್ಚರ್ಯವೇನು? ಅವರು ಸಿಪಾಯಿಗಳಾಗಿರಲಿಲ್ಲ, ಅಮೆರಿಕದ ಕೇಂದ್ರ ಸರ್ಕಾರದ ಆರೋಗ್ಯ ಸೇವೆಯ ಅಧಿಕಾರಿಗಳಾಗಿದ್ದರು. ಮೂಲತಃ ನಾವಿಕರಿಗಾಗಿ ಹುಟ್ಟಿದ ಆಸ್ಪತ್ರೆಗಳ ಇಲಾಖೆ ಅದು. 1891ರ ವಲಸೆ ಕಾನೂನು ಆ ಇಲಾಖೆಗೆ ಹೊಸದೊಂದು ಕೆಲಸ ಹಚ್ಚಿತು: ಬಂದವರಲ್ಲಿ ಹೇಸಿಗೆ ಹುಟ್ಟಿಸುವ ಅಥವಾ ಅಪಾಯಕಾರಿಯಾದ ಅಂಟುರೋಗವುಳ್ಳವರನ್ನು, ಬುದ್ಧಿವಿಕಲರನ್ನು, ದುಡಿದು ತಿನ್ನಲಾರದೆ ಸರ್ಕಾರಕ್ಕೆ ಹೊರೆಯಾಗುವವರನ್ನು ಗುರುತಿಸುವುದು. ಗುರುತಿಸಿದವರನ್ನು ಕರೆತಂದ ಹಡಗಿನ ಕಂಪನಿಯೇ ತನ್ನ ಖರ್ಚಿನಲ್ಲಿ ಹಿಂದಕ್ಕೆ ಒಯ್ಯಬೇಕು. 1903ರ ಕಾನೂನು ಇದಕ್ಕೆ ದಂಡವನ್ನೂ ಸೇರಿಸಿತು: ಹೊರಡುವಾಗಲೇ ಪತ್ತೆಯಾಗಬಹುದಾಗಿದ್ದ ರೋಗವಿದ್ದವನನ್ನು ಹತ್ತಿಸಿಕೊಂಡು ಬಂದರೆ ತಲೆಗೆ 100 ಡಾಲರ್.

ರೋಗಿಯನ್ನು ಗುಣಪಡಿಸುವುದು ವೈದ್ಯನ ಕೆಲಸವೆಂದು ನಾವೆಲ್ಲ ತಿಳಿದಿದ್ದೇವೆ. ಇಲ್ಲಿ ವೈದ್ಯನನ್ನು ನೇಮಿಸಿಕೊಂಡದ್ದು ರೋಗಿಯಲ್ಲ, ರೋಗಿಯಿಂದ ತನ್ನನ್ನು ಕಾಪಾಡಿಕೊಳ್ಳಬೇಕೆಂದ ದೇಶ. ಆದರೂ ಎದುರಿಗೆ ನಿಂತವನು ರೋಗಿಯೇ. ಈ ಇಕ್ಕಟ್ಟಿನಲ್ಲಿ ಆ ವೈದ್ಯರು ಏನು ಮಾಡಿದರು, ಏನು ಮಾಡಲು ಒಪ್ಪಲಿಲ್ಲ ಎಂಬುದು ನಮ್ಮ ಪ್ರಶ್ನೆ.

ಮೊದಲು ಸಾಲಿನ ಕಥೆ. ಮೊದಲ ಮತ್ತು ಎರಡನೆಯ ದರ್ಜೆಯ ಪ್ರಯಾಣಿಕರನ್ನು ಹಡಗಿನಲ್ಲೇ ಮೇಲಿಂದ ಮೇಲೆ ನೋಡಿ ಇಳಿಸಿಬಿಡುತ್ತಿದ್ದರು. ರೋಗವೂ ಟಿಕೆಟಿನ ದರ್ಜೆ ನೋಡಿಕೊಂಡು ಬರುತ್ತದೆಂಬ ನಂಬಿಕೆ ಎಲ್ಲ ದೇಶದ ಕಚೇರಿಗಳಲ್ಲೂ ಇದ್ದಂತಿದೆ. ಹಡಗಿನ ತಳದಲ್ಲಿ ಬಂದವರು ಮಾತ್ರ ದೋಣಿ ಹತ್ತಿ ದ್ವೀಪಕ್ಕೆ ಬರಬೇಕು. ಗಂಟುಮೂಟೆ ಹೊತ್ತು, ಮಕ್ಕಳ ಕೈ ಹಿಡಿದು ಅವರು ಮುಂದೆ ಸರಿಯುತ್ತಿದ್ದಾಗಲೇ ವೈದ್ಯರ ಕಣ್ಣು ಅವರ ಮೇಲೆ ಇರುತ್ತಿತ್ತು. ಯಾರು ಏದುಸಿರು ಬಿಡುತ್ತಾರೆ, ಯಾರು ಕಾಲೆಳೆಯುತ್ತಾರೆ, ಯಾರ ಕೋಟಿನ ತೋಳು ಅನುಮಾನ ಬರುವಂತೆ ಕೈಯನ್ನು ಮುಚ್ಚಿದೆ? ಸಾಲು ಒಂದು ಕಡೆ ತಿರುಗುವಂತೆ ಮಾಡಿ, ಆ ತಿರುವಿನಲ್ಲಿ ಮುಖಕ್ಕೆ ಬೆಳಕು ಬೀಳುವಂತೆ ಏರ್ಪಾಟು ಮಾಡಿರುತ್ತಿದ್ದರು. ಅಲ್ಲಿ ಕೆಲಸ ಮಾಡಿದ ವಿಕ್ಟರ್ ಸ್ಯಾಫರ್ಡ್ ಎಂಬ ವೈದ್ಯರು 1925ರಲ್ಲಿ ಬರೆದ ನೆನಪುಗಳ ಪುಸ್ತಕದಲ್ಲಿ ಈ ಕಲೆಯನ್ನು ಮೋಟಾರು ಕಾರಿನ ದೋಷವನ್ನು ಓಟದಲ್ಲೇ ಪತ್ತೆ ಹಚ್ಚುವುದಕ್ಕೆ ಹೋಲಿಸಿದ್ದಾರೆ. ಹೋಲಿಕೆ ಒರಟು, ಆದರೆ ಪ್ರಾಮಾಣಿಕ. ದಿನಕ್ಕೆ ಸಾವಿರಗಟ್ಟಲೆ ಜನ ಬರುವಲ್ಲಿ ನಾಡಿ ಹಿಡಿದು ಕೂರುವ ವೈದ್ಯಕ್ಕೆ ಎಡೆಯೆಲ್ಲಿ? 1907ರಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಅಲ್ಲಿಗೆ ಬಂದರು. ಆ ವರ್ಷದ ಏಪ್ರಿಲ್ 17ರ ಒಂದೇ ದಿನ 11,747 ಮಂದಿ.

ಅನುಮಾನ ಬಂದವರ ಬಟ್ಟೆಯ ಮೇಲೆ ಅಕ್ಷರ ಬೀಳುತ್ತಿತ್ತು. ಹೃದಯಕ್ಕೆ ‘ಎಚ್’, ಕುಂಟಿಗೆ ‘ಎಲ್’, ಕಣ್ಣಿಗೆ ‘ಇ’, ಗಳಗಂಡಕ್ಕೆ ‘ಜಿ’, ಬಸುರಿಗೆ ‘ಪಿಜಿ’, ಬುದ್ಧಿಯ ಬಗ್ಗೆ ಶಂಕೆಯಿದ್ದರೆ ‘ಎಕ್ಸ್’. ನೂರರಲ್ಲಿ ಸುಮಾರು 15ರಿಂದ 20 ಜನರ ಮೇಲೆ ಇಂಥ ಗುರುತು ಬೀಳುತ್ತಿತ್ತೆಂದು ಅಲ್ಲಿನ ವೈದ್ಯರೇ ಬರೆದಿದ್ದಾರೆ. ಗುರುತು ಬಿದ್ದವರನ್ನು ಸಾಲಿನಿಂದ ಬೇರೆ ಕೋಣೆಗೆ ಕರೆದೊಯ್ಯುತ್ತಿದ್ದರು. ಹಿಂದೆ ಬರುತ್ತಿದ್ದ ಹೆಂಡತಿಗೆ ಗಂಡ ಎಲ್ಲಿ ಹೋದನೆಂದು ತಿಳಿಯದು. ಕೇಳಲು ಭಾಷೆ ಬಾರದು. ಜಾಣರು ಕೆಲವರು ಕೋಟನ್ನು ಒಳಹೊರಗು ಮಾಡಿ ತೊಟ್ಟುಕೊಂಡು ಪಾರಾದರೆಂಬ ಮಾತು ಆ ದ್ವೀಪದ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಸಾಲಿನ ಕೊನೆಯಲ್ಲಿ ಕಣ್ಣಿನ ವೈದ್ಯರು. ಬಂದವರೆಲ್ಲರಿಗೂ ಹೆದರಿಕೆ ಇದ್ದದ್ದು ಇವರ ಬಗ್ಗೆಯೇ. ಬೆರಳಿನಿಂದಲೋ, ಬೂಟಿನ ಗುಂಡಿ ಹಾಕಲು ಬಳಸುವ ಕೊಕ್ಕೆಯಿಂದಲೋ ರೆಪ್ಪೆಯನ್ನು ಮಗುಚಿ ಒಳಮೈ ನೋಡುತ್ತಿದ್ದರು. ಹುಡುಕುತ್ತಿದ್ದುದು ಟ್ರಕೋಮಾ ಎಂಬ ರೋಗವನ್ನು. ರೆಪ್ಪೆಯ ಒಳಗೆ ಹರಳುಹರಳಾಗಿ ಎದ್ದು, ವರ್ಷಾನುಗಟ್ಟಲೆ ಉಜ್ಜುತ್ತ, ಕೊನೆಗೆ ರೆಪ್ಪೆಯ ಕೂದಲೇ ಒಳಕ್ಕೆ ಮಡಿಚಿ ಕಣ್ಣನ್ನು ಕೆರೆದು ಕುರುಡು ಮಾಡುವ ರೋಗ. ನಮ್ಮ ಹಳ್ಳಿಗಳಿಗೂ ಅದು ಹೊಸದಲ್ಲ. 1897ರಲ್ಲಿ ಅಮೆರಿಕದ ಸರ್ಕಾರ ಇದನ್ನು ಅಪಾಯಕಾರಿ ಅಂಟುರೋಗಗಳ ಪಟ್ಟಿಗೆ ಸೇರಿಸಿತು. ಅಂದಿನಿಂದ ಟ್ರಕೋಮಾ ಎಂದು ಬರೆದರೆ ಸಾಕು, ಬಾಗಿಲು ಮುಚ್ಚಿದಂತೆಯೇ.

ಅದೇ 1897ರಲ್ಲಿ ಮುಂಬಯಿಯ ಪ್ಲೇಗಿನ ಭಯದಿಂದ ನಮ್ಮ ದೇಶದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತೆಂಬುದನ್ನು ಇಲ್ಲಿ ನೆನೆಯಬಹುದು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಕಂಕುಳು ತೊಡೆಸಂದು ಮುಟ್ಟಿ ನೋಡುವುದು, ಜ್ವರವಿದ್ದವರನ್ನು ಮನೆಯವರಿಂದ ಬಿಡಿಸಿ ಶಿಬಿರಕ್ಕೆ ಸಾಗಿಸುವುದು ಆಗ ಆರಂಭವಾಯಿತು. ಮರುವರ್ಷ ರೋಗ ಬೆಂಗಳೂರಿಗೂ ಬಂತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದ ಹಿನ್ನೆಲೆಯಲ್ಲಿ ಆ ಪ್ಲೇಗು ಇದೆ. ಪ್ರಯಾಣಿಕನ ಮೈಯನ್ನು ಬಾಗಿಲಲ್ಲೇ ತಪಾಸಣೆ ಮಾಡುವ ಹಕ್ಕು ಸರ್ಕಾರಕ್ಕಿದೆ ಎಂಬ ವಿಚಾರ ಆ ದಶಕದಲ್ಲಿ ಸಮುದ್ರದ ಎರಡೂ ದಡಗಳಲ್ಲಿ ಒಟ್ಟಿಗೆ ಬಲಿಯಿತು.

ಟ್ರಕೋಮಾಕ್ಕೆ ಆಗ ಸುಲಭದ ಮದ್ದಿರಲಿಲ್ಲ. ಮೈಲುತುತ್ತದ ಹರಳಿನಿಂದ ರೆಪ್ಪೆಯನ್ನು ಉಜ್ಜುವುದು, ಸಿಲ್ವರ್ ನೈಟ್ರೇಟ್ ಹಚ್ಚುವುದು, ಹರಳುಗಳನ್ನು ಕೆರೆದು ತೆಗೆಯುವುದು. ಇವು ನೋವಿನ ಚಿಕಿತ್ಸೆಗಳು, ತಿಂಗಳುಗಟ್ಟಲೆ ನಡೆಯುವಂಥವು. ಸಲ್ಫಾ ಮದ್ದು ಬಂದದ್ದು 1930ರ ದಶಕದ ಕೊನೆಗೆ. ಹೀಗಿರುವಾಗ ಸಂಸಾರವೊಂದನ್ನು ಕಲ್ಪಿಸಿಕೊಳ್ಳೋಣ. ತಂದೆ ಎರಡು ವರ್ಷದ ಹಿಂದೆ ಬಂದು ಗಣಿಯಲ್ಲೋ ಉಕ್ಕಿನ ಕಾರ್ಖಾನೆಯಲ್ಲೋ ದುಡಿದು ಟಿಕೆಟಿನ ಹಣ ಕಳಿಸಿದ್ದಾನೆ. ತಾಯಿ ಇದ್ದ ತುಂಡು ನೆಲ, ಹಸು, ಪಾತ್ರೆ ಎಲ್ಲ ಮಾರಿ ನಾಲ್ಕು ಮಕ್ಕಳೊಡನೆ ಬಂದಿದ್ದಾಳೆ. ಕಿರಿಯ ಮಗುವಿನ ರೆಪ್ಪೆಯ ಕೆಳಗೆ ಹರಳು ಕಂಡಿದೆ. ಕಾನೂನಿನ ಪ್ರಕಾರ ತಾನೇ ತಾನಾಗಿ ಪ್ರಯಾಣ ಮಾಡಲಾರದ ರೋಗಿಯನ್ನು ಅಥವಾ ಎಳೆಯ ಮಗುವನ್ನು ಹಿಂದಕ್ಕೆ ಕಳಿಸುವಾಗ ಅದಕ್ಕೆ ಆಸರೆಯಾಗಿ ಬಂದವರೂ ಹಿಂದಿರುಗಬೇಕು. ತಾಯಿ ಮಗುವಿನೊಡನೆ ಹೋದರೆ ಉಳಿದ ಮೂವರು? ಅವರನ್ನು ಗಂಡನ ಬಳಿ ಬಿಟ್ಟು ಹೋಗುವುದೋ, ಎಲ್ಲರನ್ನೂ ಕರೆದುಕೊಂಡು, ಮಾರಿಹೋದ ಮನೆಗೆ ಮರಳುವುದೋ? ಸ್ವಲ್ಪ ದೊಡ್ಡವನಾದ ಹುಡುಗನಿಗೆ ರೋಗವಿದ್ದರೆ ಅವನೊಬ್ಬನನ್ನೇ ಹಡಗು ಹತ್ತಿಸಿ, ಯಾವುದೋ ಚಿಕ್ಕಪ್ಪನ ಹೆಸರು ಹೇಳಿ ಕಳಿಸಿದ್ದೂ ಉಂಟು. ದಾಖಲಾತಿ ಸಭಾಂಗಣದಿಂದ ಕೆಳಗಿಳಿಯುವ ಮೆಟ್ಟಿಲಿಗೆ ಮೂರು ಸಾಲು: ಒಂದು ನ್ಯೂಯಾರ್ಕಿನ ದೋಣಿಗೆ, ಒಂದು ಒಳನಾಡಿನ ರೈಲಿಗೆ, ನಡುವಿನದು ತಡೆಹಿಡಿದವರ ಕೋಣೆಗೆ. ಜನ ಅದನ್ನು ಅಗಲಿಕೆಯ ಮೆಟ್ಟಿಲು ಎಂದು ಕರೆದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ತಡೆಹಿಡಿದವರ ವಿಚಾರಣೆಗೆ ವಿಶೇಷ ವಿಚಾರಣಾ ಮಂಡಳಿಗಳು ಇದ್ದವು. ವಲಸೆ ಇಲಾಖೆಯ ಅಧಿಕಾರಿಗಳು ಅದರ ಸದಸ್ಯರು. ಒಳಗೆ ಬಿಡಬೇಕೋ ಹಿಂದಕ್ಕೆ ಕಳಿಸಬೇಕೋ ಎಂದು ತೀರ್ಮಾನಿಸುವುದು ಅವರು. ಆ ಮಂಡಳಿಗಳಲ್ಲಿ ಕೂರಲು ವೈದ್ಯರು ಒಪ್ಪಲಿಲ್ಲ. 1891ರಿಂದ 1911ರವರೆಗೆ ಆರೋಗ್ಯ ಸೇವೆಯ ಮುಖ್ಯಸ್ಥರಾಗಿದ್ದ ವಾಲ್ಟರ್ ವೈಮನ್ ಅವರ ನಿಲುವೂ ಅದೇ ಆಗಿತ್ತು. ರೋಗವೇನೆಂದು ಹೇಳುವುದು ನಮ್ಮ ಕೆಲಸ, ಮನುಷ್ಯನ ಗತಿಯೇನೆಂದು ಹೇಳುವುದಲ್ಲ ಎಂಬುದು ಅವರ ವಾದದ ತಿರುಳು.

ಮೊದಲ ಓದಿಗೆ ಇದು ಗೌರವ ಹುಟ್ಟಿಸುವ ಮಾತು. ವೈದ್ಯ ನ್ಯಾಯಾಧೀಶನಾಗಬಾರದು, ನಿಜ. ಆದರೆ ಕಾನೂನನ್ನು ಇನ್ನೊಮ್ಮೆ ಓದಿದರೆ ಬೇರೆ ಸಂಗತಿ ಕಾಣುತ್ತದೆ. ಅಪಾಯಕಾರಿ ಅಂಟುರೋಗ ಇದೆ ಎಂದು ವೈದ್ಯರು ಪ್ರಮಾಣಪತ್ರ ಕೊಟ್ಟರೆ, ಅದನ್ನು ಆಧರಿಸಿ ಮಂಡಳಿ ಕೊಡುವ ತಿರಸ್ಕಾರದ ತೀರ್ಪೇ ಅಂತಿಮ, ಅದಕ್ಕೆ ಮೇಲ್ಮನವಿಯಿಲ್ಲ. ಕೈಯಲ್ಲಿ ಕಾಸಿಲ್ಲದವನು, ಕೂಲಿಯ ಕರಾರು ಮಾಡಿಕೊಂಡು ಬಂದವನು ವಾಷಿಂಗ್ಟನ್ನಿಗೆ ಮೇಲ್ಮನವಿ ಸಲ್ಲಿಸಬಹುದಿತ್ತು. ಕಣ್ಣಿನ ರೋಗಿಗೆ ಆ ದಾರಿಯೂ ಇರಲಿಲ್ಲ. ಅಂದರೆ ಮೇಜಿನ ಹಿಂದೆ ಕೂರದ ವೈದ್ಯರೇ ನಿಜವಾದ ತೀರ್ಪುಗಾರರಾಗಿದ್ದರು. ಮಂಡಳಿ ಅವರ ತೀರ್ಪನ್ನು ಓದಿ ಹೇಳುತ್ತಿತ್ತು.

ನಮ್ಮ ಬಳಗದಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಿಗೆ ಈ ಏರ್ಪಾಟು ಅಪರಿಚಿತವಲ್ಲ. ಕಡತದಲ್ಲಿ ಟಿಪ್ಪಣಿ ಬರೆಯುವವನು ಒಬ್ಬ, ಆದೇಶಕ್ಕೆ ಸಹಿ ಹಾಕುವವನು ಇನ್ನೊಬ್ಬ. ಬರೆದವನು, ನಾನು ಸಂಗತಿಯನ್ನಷ್ಟೇ ಬರೆದೆ ಎನ್ನುತ್ತಾನೆ; ಸಹಿ ಹಾಕಿದವನು, ಟಿಪ್ಪಣಿಯಂತೆ ನಡೆದುಕೊಂಡೆ ಎನ್ನುತ್ತಾನೆ. ಇಬ್ಬರ ನಡುವೆ ಹೊಣೆ ಎಂಬುದು ಎಲ್ಲಿ ಬಿದ್ದುಹೋಯಿತೆಂದು ಹುಡುಕಿದರೂ ಸಿಗುವುದಿಲ್ಲ. ಹಾಗಿದ್ದೂ ಆ ವೈದ್ಯರ ನಿರಾಕರಣೆಯನ್ನು ಬರೀ ಜಾರಿಕೆ ಎಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಏಕೆಂದರೆ 1910ರ ದಶಕದ ಹೊತ್ತಿಗೆ ಹಿಂದಕ್ಕೆ ಕಳಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ವೈದ್ಯಕೀಯ ಕಾರಣವೇ ಆಧಾರವಾಗಿತ್ತು. ಆದರೂ ಒಟ್ಟು ಬಂದವರಲ್ಲಿ ಯಾವ ಕಾರಣಕ್ಕಾದರೂ ಮರಳಬೇಕಾದವರು ನೂರಕ್ಕೆ ಇಬ್ಬರ ಸುಮಾರು. ವಲಸೆಯನ್ನು ತಡೆಯಬೇಕೆಂದು ಪತ್ರಿಕೆಗಳೂ ರಾಜಕಾರಣಿಗಳೂ ಒತ್ತಡ ಹೇರುತ್ತಿದ್ದ ಕಾಲದಲ್ಲಿ, ಸಾಲಿನಿಂದ ಪಕ್ಕಕ್ಕೆ ನಿಂತವರಲ್ಲಿ ಬಹುಪಾಲು ಜನ ಕೊನೆಗೆ ಒಳಗೆ ಹೋದರು. ಅದು ಹೇಗೆ?

ಉತ್ತರ ಸಾಲಿನಲ್ಲಿಲ್ಲ, ಆಸ್ಪತ್ರೆಯಲ್ಲಿದೆ. ದೋಣಿ ನಿಲ್ಲುವ ನೀರಿನಾಚೆ, ಹಡಗುಗಳಿಂದ ಮತ್ತು ಅಗೆತಗಳಿಂದ ಬಂದ ಮಣ್ಣು ತುಂಬಿಸಿ ಕಟ್ಟಿದ ಎರಡು ಕೃತಕ ದ್ವೀಪಗಳ ಮೇಲೆ ಆಸ್ಪತ್ರೆ ಎದ್ದಿತು. ಸಾಮಾನ್ಯ ಆಸ್ಪತ್ರೆ 1902ರಲ್ಲಿ, ಸಾಂಕ್ರಾಮಿಕ ರೋಗಗಳ ಆಸ್ಪತ್ರೆ 1911ರಲ್ಲಿ ತೆರೆಯಿತು. ದಡಾರ, ಸ್ಕಾರ್ಲೆಟ್ ಜ್ವರ, ಗಂಟಲಮಾರಿ, ಕ್ಷಯ ಪ್ರತಿಯೊಂದಕ್ಕೂ ಬೇರೆ ಬೇರೆ ವಾರ್ಡುಗಳು, ನಡುವೆ ಉದ್ದನೆಯ ಮೊಗಸಾಲೆ. ಮುಚ್ಚುವ ಹೊತ್ತಿಗೆ ಅಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಚಿಕಿತ್ಸೆ ಪಡೆದಿದ್ದರು. ಸುಮಾರು 3,500 ಮಂದಿ ಅಲ್ಲೇ ತೀರಿಕೊಂಡಿದ್ದರು. ಸುಮಾರು 350 ಮಕ್ಕಳು ಅಲ್ಲೇ ಹುಟ್ಟಿದ್ದವು.

ಈ ಆಸ್ಪತ್ರೆಯಲ್ಲಿ ವೈದ್ಯರು ಕೊಟ್ಟ ಮುಖ್ಯ ಮದ್ದು ಕಾಲಾವಕಾಶ ಎಂದು ನಮಗೆ ತೋರುತ್ತದೆ. ಸಾಲಿನಲ್ಲಿ ನಿಂತ ವೈದ್ಯನ ಮುಂದೆ ಎರಡೇ ದಾರಿ ಇರಲಿಲ್ಲ. ಮೂರು ಇದ್ದವು: ಬಿಡುವುದು, ಪ್ರಮಾಣಪತ್ರ ಬರೆಯುವುದು, ಇಲ್ಲವೇ ಇರಿಸಿಕೊಳ್ಳುವುದು. ಜ್ವರದ ಮಗುವನ್ನು ಇರಿಸಿಕೊಂಡರೆ ಎರಡು ವಾರದಲ್ಲಿ ಗುಣವಾಗುತ್ತದೆ. ಗುಣವಾದ ಮೇಲೆ ಬರೆಯಲು ರೋಗವೇ ಇರುವುದಿಲ್ಲ. ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿ ವಾಸಿಯಾದರೆ ‘ದುಡಿಯಲಾರದವನು’ ದುಡಿಯಬಲ್ಲವನಾಗುತ್ತಾನೆ. ಕಣ್ಣು ಕೆಂಪಾದದ್ದು ಟ್ರಕೋಮಾದಿಂದಲೋ ಸಮುದ್ರದ ಗಾಳಿಯಿಂದಲೋ ಎಂದು ನಾಲ್ಕು ದಿನ ಕಾದರೆ ತಿಳಿಯುತ್ತದೆ. ಇದರ ಖರ್ಚು ಬಹುಮಟ್ಟಿಗೆ ಹಡಗಿನ ಕಂಪನಿಯದು. ಇಷ್ಟು ಸಮಯ ಸಿಕ್ಕಿದವರ ಸಂಸಾರ ಉಳಿಯಿತು. ಟ್ರಕೋಮಾದವರಿಗೆ ಬೇಕಾದಷ್ಟು ಸಮಯ ಕೊಡಲು ಮಾತ್ರ ಸರ್ಕಾರ ಸಿದ್ಧವಿರಲಿಲ್ಲ. ಆಗಲೇ ನೆಲೆಸಿ ಪೌರತ್ವದ ಇಂಗಿತ ದಾಖಲಿಸಿದವನ ಹೆಂಡತಿ ಮಕ್ಕಳಿಗೆ, ರೋಗ ಹಡಗಿನಲ್ಲಿ ಅಂಟಿದ್ದಾದರೆ, ಕಾನೂನು ಒಂದಿಷ್ಟು ರಿಯಾಯಿತಿ ತೋರಿತು. ಕೊನೆಗೆ 1917ರ ಕಾನೂನಿನಲ್ಲಿ, ಚಿಕಿತ್ಸೆ ನಿರಾಕರಿಸುವುದು ಅಮಾನವೀಯವಾದೀತು ಅಥವಾ ಅಸಾಧಾರಣ ಕಷ್ಟಕ್ಕೆ ಕಾರಣವಾದೀತು ಎಂದು ಮಂತ್ರಿಗೆ ಮನವರಿಕೆಯಾದರೆ ಚಿಕಿತ್ಸೆ ಕೊಡಬಹುದೆಂಬ ಮಾತು ಸೇರಿತು. ಕರುಣೆಗೂ ಒಂದು ಕಲಮು ಬೇಕಾಯಿತು.

ಆಸ್ಪತ್ರೆ ಉಳಿಸಿದ ಸಂಸಾರಗಳೂ ಅಗಲಿಕೆಯನ್ನು ಉಣ್ಣದೆ ಇರಲಿಲ್ಲ. ದಡಾರದ ಮಗು ಮೂರನೆಯ ದ್ವೀಪದ ವಾರ್ಡಿನಲ್ಲಿ; ತಾಯಿ ಮೊದಲ ದ್ವೀಪದ ತಡೆಕೋಣೆಯಲ್ಲಿ. ನಡುವೆ ಕೂಗಿದರೆ ಕೇಳಬಹುದೇನೋ ಎನ್ನುವಷ್ಟು ದೂರ. ಸಾಂಕ್ರಾಮಿಕ ವಾರ್ಡಿಗೆ ಹೊರಗಿನವರಿಗೆ ಪ್ರವೇಶ ದುರ್ಲಭ. ಮಗುವಿನ ಭಾಷೆ ದಾದಿಗೆ ಬಾರದು, ದಾದಿಯ ಭಾಷೆ ಮಗುವಿಗೆ ಬಾರದು. ಎಷ್ಟೋ ಮಕ್ಕಳು ಆಡಿದ ಮೊದಲ ಇಂಗ್ಲಿಷ್ ಮಾತು ಆ ವಾರ್ಡಿನಲ್ಲೇ ಕಲಿತದ್ದಿರಬೇಕು. ಊರು ಬಿಟ್ಟು ಊರಿನ ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತು, ವೈದ್ಯರ ಮಾತನ್ನು ಮರಾಠಿಯಲ್ಲೋ ತಮಿಳಿನಲ್ಲೋ ಊಹಿಸಿ ತಿಳಿದುಕೊಂಡ ಅನುಭವ ನಮ್ಮ ಓದುಗರಲ್ಲಿ ಅನೇಕರಿಗಿದೆ. ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಮಯದ ಬೆಲೆಯನ್ನು ಚೆನ್ನಾಗಿ ಅರಿತ ಇನ್ನೊಬ್ಬ ವೈದ್ಯರು ಹೋವರ್ಡ್ ನಾಕ್ಸ್. 1912ರಿಂದ 1916ರವರೆಗೆ ಅಲ್ಲಿ ಇದ್ದವರು. ‘ಎಕ್ಸ್’ ಗುರುತು ಬಿದ್ದವರ ಬುದ್ಧಿಯನ್ನು ಅಳೆಯುವುದು ಅವರ ಕೆಲಸ. ಆಗ ಚಾಲ್ತಿಗೆ ಬರುತ್ತಿದ್ದ ಪರೀಕ್ಷೆಗಳು ಶಾಲೆಗೆ ಹೋದವರಿಗೆ, ನಗರ ಕಂಡವರಿಗೆ ತಕ್ಕವು. ಜೀವಮಾನದಲ್ಲಿ ಪೆನ್ಸಿಲು ಹಿಡಿಯದ, ಹದಿನೈದು ದಿನ ಹಡಗಿನ ತಳದಲ್ಲಿ ವಾಂತಿ ಮಾಡಿಕೊಂಡು ಬಂದ ರೈತ ಹೆಂಗಸಿಗೆ ಅದರಲ್ಲಿ ಉತ್ತೀರ್ಣಳಾಗಲು ಸಾಧ್ಯವೇ? ನಾಕ್ಸ್ ಮತ್ತು ಅವರ ಸಹೋದ್ಯೋಗಿಗಳು ಮಾತು ಬೇಡದ ಪರೀಕ್ಷೆಗಳನ್ನು ಕಟ್ಟಿದರು. ಅವುಗಳಲ್ಲಿ ಹೆಸರಾದದ್ದು ನಾಲ್ಕು ಮರದ ಘನಗಳನ್ನು ಸಾಲಾಗಿ ಇಟ್ಟು, ಇನ್ನೊಂದರಿಂದ ಒಂದು ಕ್ರಮದಲ್ಲಿ ತಟ್ಟಿ ತೋರಿಸಿ, ಎದುರಿನವರು ಹಾಗೆಯೇ ತಟ್ಟುವಂತೆ ಹೇಳುವ ಪರೀಕ್ಷೆ. ನಮ್ಮ ಮಕ್ಕಳ ಆಟದಂತೆಯೇ ಇದೆ. ಮೊದಲ ದಿನ ಸೋತವರಿಗೆ ಊಟ, ಸ್ನಾನ, ನಿದ್ರೆ ಕೊಟ್ಟು ಇನ್ನೊಂದು ದಿನ ಮತ್ತೆ ಪರೀಕ್ಷಿಸುವ ಪದ್ಧತಿಯನ್ನು ಆ ವೈದ್ಯರು ಇಟ್ಟುಕೊಂಡಿದ್ದರು. ಅದೇ ಸಮಯದಲ್ಲಿ ಹೆನ್ರಿ ಗಾಡರ್ಡ್ ಎಂಬ ಹೊರಗಿನ ಮನಶ್ಶಾಸ್ತ್ರಜ್ಞರು ದ್ವೀಪಕ್ಕೆ ಬಂದು, ತಮ್ಮ ಪರೀಕ್ಷೆಯ ಬಲದಿಂದ, ತಾವು ನೋಡಿದ ವಲಸೆಗಾರರಲ್ಲಿ ಬಹುಪಾಲು ಜನ ಮಂದಬುದ್ಧಿಯವರೆಂದು ಸಾರಿದ್ದನ್ನು ನೆನೆದರೆ, ಆ ಒಂದು ರಾತ್ರಿಯ ನಿದ್ರೆಯ ಬೆಲೆ ತಿಳಿಯುತ್ತದೆ. ನಾಕ್ಸ್ ಅವರನ್ನು ಸಂತರನ್ನಾಗಿ ಮಾಡುವುದು ಬೇಡ. ‘ಕೀಳು’ ಸಂತಾನ ದೇಶದೊಳಗೆ ಬಾರದಂತೆ ತಡೆಯಬೇಕೆಂಬ ಅಂದಿನ ಮತ ಅವರದೂ ಆಗಿತ್ತು. ಮತ ಕೆಟ್ಟದ್ದಿದ್ದರೂ ಕೈಕೆಲಸದಲ್ಲಿ ನ್ಯಾಯವಾಗಿ ನಡೆದುಕೊಂಡವರು ಚರಿತ್ರೆಯಲ್ಲಿ ಸಿಗುತ್ತಾರೆ. ಇದರ ತಿರುಗುಮುರುಗಾದವರೂ ಕಡಿಮೆಯಿಲ್ಲ.

ವೈದ್ಯರ ತಪ್ಪುಗಳನ್ನು ಹತ್ತಿರದಿಂದ ಕಂಡು ಸಹಿಸಲಾರದೆ ಹೋದವರಲ್ಲಿ ಒಬ್ಬ ದುಭಾಷಿ ಇದ್ದರು. ಫಿಯೊರೆಲ್ಲೊ ಲಾ ಗಾರ್ಡಿಯಾ 1907ರಿಂದ 1910ರವರೆಗೆ, ಕಾನೂನು ಓದುತ್ತ, ವರ್ಷಕ್ಕೆ 1,200 ಡಾಲರ್ ಸಂಬಳಕ್ಕೆ ಅಲ್ಲಿ ಇಟಾಲಿಯನ್, ಕ್ರೊಯೇಷಿಯನ್ ಮುಂತಾದ ಭಾಷೆಗಳಲ್ಲಿ ಮಾತು ದಾಟಿಸುತ್ತಿದ್ದರು. ಮುಂದೆ ನ್ಯೂಯಾರ್ಕಿನ ಮೇಯರ್ ಆದವರು ಇವರೇ. ಬುದ್ಧಿಭ್ರಮೆಯೆಂದು ವೈದ್ಯರು ಬರೆದ ಎಷ್ಟೋ ಪ್ರಕರಣಗಳು ಭಾಷೆ ತಿಳಿಯದ ಗೊಂದಲದಿಂದ ಹುಟ್ಟಿದವೆಂದೂ, ಆ ಮೂರು ವರ್ಷಗಳಲ್ಲಿ ಅಲ್ಲಿನ ದುಃಖಕ್ಕೆ ತಮ್ಮ ಮನಸ್ಸು ಜಡ್ಡುಗಟ್ಟಲೇ ಇಲ್ಲವೆಂದೂ ಅವರು ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಅವರದೇ ಇನ್ನೊಂದು ಪ್ರಸಂಗ ನಮಗೆ ಹೆಚ್ಚು ಮುಖ್ಯ. ದುಭಾಷಿಯಾಗುವ ಮೊದಲು, ಇಪ್ಪತ್ತರ ಹರೆಯದಲ್ಲಿ, ಆಗ ಹಂಗೇರಿಗೆ ಸೇರಿದ್ದ ಫಿಯುಮೆ ಬಂದರಿನಲ್ಲಿ ಅವರು ಅಮೆರಿಕದ ಕಾನ್ಸುಲರ್ ಪ್ರತಿನಿಧಿಯಾಗಿದ್ದರು. ಹಡಗು ಹೊರಡುವ ಮೊದಲು ಅದಕ್ಕೆ ಆರೋಗ್ಯದ ರಹದಾರಿ ಕೊಡುವುದು ಅವರ ಕೆಲಸ. ವಲಸೆಗಾರರನ್ನು ನೋಡದೆ ರಹದಾರಿಗೆ ಸಹಿ ಹಾಕುವುದಿಲ್ಲ, ಹತ್ತುವ ಮೊದಲೇ ಪ್ರತಿಯೊಬ್ಬರನ್ನೂ ವೈದ್ಯರಿಂದ ತಪಾಸಣೆ ಮಾಡಿಸಬೇಕೆಂದು ಅವರು ಹಟ ಹಿಡಿದರು. ವೈದ್ಯರನ್ನು ತಾವೇ ಗೊತ್ತುಮಾಡಿ, ಬಿಲ್ಲನ್ನು ಕ್ಯುನಾರ್ಡ್ ಹಡಗು ಕಂಪನಿಗೆ ಕಳಿಸಿದರು. ಕಂಪನಿ ಕೊಡುವುದಿಲ್ಲವೆಂದಾಗ ರಹದಾರಿ ತಡೆಹಿಡಿದರು. ಅವರ ಲೆಕ್ಕ ಸರಳ: ಹೊಲ ಮಾರಿ, ಸಮುದ್ರ ದಾಟಿ, ಗಂಡನ ಮುಖ ಕಾಣುವಷ್ಟು ಹತ್ತಿರ ಬಂದು ಮರಳುವುದಕ್ಕಿಂತ ತನ್ನ ಕರಾವಳಿಯಲ್ಲೇ ‘ಆಗುವುದಿಲ್ಲ’ ಎಂಬ ಮಾತು ಕೇಳುವುದು ಕಡಿಮೆ ಕ್ರೂರ. ಈ ವಾದಕ್ಕೆ ಎದುರು ಹೇಳುವುದು ಕಷ್ಟ. ಅದು ಮುಂದೆ ಎಲ್ಲಿಗೆ ಮುಟ್ಟಿತೆಂಬುದನ್ನು ಹೇಳುವ ಮೊದಲು ಅಮೆರಿಕದ ಇನ್ನೊಂದು ಕರಾವಳಿಯನ್ನು ನೋಡಬೇಕು. ನಮ್ಮ ದೇಶದವರು ಹೋದದ್ದು ಆ ಕಡೆಗೆ.

ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜೆಲ್ ದ್ವೀಪದ ಠಾಣೆ 1910ರ ಜನವರಿಯಲ್ಲಿ ಆರಂಭವಾಯಿತು. ಬಂದವರಲ್ಲಿ ಹೆಚ್ಚಿನವರು ಚೀನೀಯರು, ಜಪಾನೀಯರು. ಜೊತೆಗೆ ಪಂಜಾಬಿನ ಸಿಖ್ ರೈತರು, ದಾಖಲೆಯಲ್ಲಿ ಎಲ್ಲರೂ ‘ಹಿಂದೂ’. ಇವರನ್ನು ಬರಗೊಡಬಾರದೆಂದು ಕ್ಯಾಲಿಫೋರ್ನಿಯದಲ್ಲಿ ಕೂಗು ಎದ್ದಿತ್ತು. ಅಲ್ಲಿನ ಸರ್ಕಾರಿ ವೈದ್ಯ ಗ್ಲೋವರ್ ಆ ವರ್ಷ ಭಾರತೀಯರ ಮಲವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಕೊಕ್ಕೆಹುಳುವನ್ನು ಕಂಡರು. ಬರಿಗಾಲಲ್ಲಿ ಹೊಲದಲ್ಲಿ ದುಡಿಯುವವನ ಹೊಟ್ಟೆಯಲ್ಲಿ ಕೊಕ್ಕೆಹುಳು ಸಿಗದೆ ಇನ್ನೇನು ಸಿಕ್ಕೀತು? ಶೀಘ್ರದಲ್ಲೇ ಅದು ಪ್ರವೇಶ ನಿರಾಕರಣೆಗೆ ಕಾರಣವಾಯಿತು. ವಿಚಿತ್ರವೆಂದರೆ ಕೊಕ್ಕೆಹುಳು ಟ್ರಕೋಮಾದಂತಲ್ಲ; ಥೈಮಾಲ್ ಎಂಬ ಮದ್ದಿನಿಂದ ಕೆಲವೇ ದಿನಗಳಲ್ಲಿ ಇಳಿಯುವಂಥದು. ಸರಿಯಾಗಿ ಅದೇ ವರ್ಷಗಳಲ್ಲಿ, 1909ರಲ್ಲಿ ಸ್ಥಾಪನೆಯಾದ ರಾಕ್‌ಫೆಲರ್ ಆಯೋಗವು ಅಮೆರಿಕದ ದಕ್ಷಿಣ ರಾಜ್ಯಗಳ ಬಡ ರೈತರಿಗೆ ಅದೇ ಹುಳುವಿಗೆ ಅದೇ ಮದ್ದನ್ನು ಹಂಚುತ್ತಿತ್ತು. ದಕ್ಷಿಣ ರಾಜ್ಯದ ರೈತನಲ್ಲಿ ಕಂಡರೆ ಅದು ಚಿಕಿತ್ಸೆಗೆ ಕಾರಣ, ಪಂಜಾಬಿನ ರೈತನಲ್ಲಿ ಕಂಡರೆ ವಾಪಸಾತಿಗೆ. ಎಲ್ಲಿಸ್ ದ್ವೀಪದ ವೈದ್ಯರನ್ನು ನಾವು ಅಳೆದು ತೂಗಿ ಮಾತನಾಡಬೇಕಾದದ್ದು ಸರಿ. ಏಂಜೆಲ್ ದ್ವೀಪದ ಈ ಪ್ರಕರಣದಲ್ಲಿ ಆ ಎಚ್ಚರ ಬೇಕೆಂದು ನಮಗೆ ಅನ್ನಿಸುವುದಿಲ್ಲ. 1917ರ ಕಾನೂನು ಭಾರತವನ್ನೂ ಸೇರಿಸಿ ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚಿತು. ಆಗಲೇ ಅಲ್ಲಿದ್ದ ಪಂಜಾಬಿ ಗಂಡಸರಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ದಾರಿಯಿಲ್ಲದಾಯಿತು. ಹಲವರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾಗಿ ಕ್ಯಾಲಿಫೋರ್ನಿಯದಲ್ಲೇ ಬೇರೆ ಸಂಸಾರ ಹೂಡಿದರು. ಪಂಜಾಬಿನ ಹಳ್ಳಿಗಳಲ್ಲಿ ಕಾದು ಕುಳಿತ ಹೆಂಗಸರ ಕಥೆ ಯಾರ ದಾಖಲೆಗೂ ಸೇರಬೇಕಾಗಿರಲಿಲ್ಲ.

ಇನ್ನು ಫಿಯುಮೆಯ ಮಾತು. 1924ರ ಕಾನೂನು ದೇಶವಾರು ಮಿತಿಗಳನ್ನು ಬಿಗಿಗೊಳಿಸಿದ್ದಲ್ಲದೆ, ವಲಸೆಗಾರರು ತಮ್ಮ ದೇಶದಲ್ಲೇ ಅಮೆರಿಕದ ಕಾನ್ಸುಲ್ ಕಚೇರಿಯಿಂದ ವೀಸಾ ಪಡೆಯಬೇಕೆಂದು ವಿಧಿಸಿತು. ವೈದ್ಯರ ತಪಾಸಣೆ ಕೂಡ ಕ್ರಮೇಣ ಯುರೋಪಿನ ನಗರಗಳಿಗೆ ಸ್ಥಳಾಂತರವಾಯಿತು. ತರುಣ ಲಾ ಗಾರ್ಡಿಯಾ ಕರುಣೆಯಿಂದ ಬಯಸಿದ್ದೇ ಇಪ್ಪತ್ತು ವರ್ಷಗಳ ನಂತರ ನಿಯಮವಾಯಿತು, ಕರುಣೆಯಿಲ್ಲದೆ. ದ್ವೀಪದಲ್ಲಾದರೆ ಇರಿಸಿಕೊಳ್ಳಲು ಆಸ್ಪತ್ರೆ ಇತ್ತು. ಮನವಿ ಬರೆದುಕೊಡಲು ಯೆಹೂದಿ, ಕ್ರೈಸ್ತ ಸೇವಾ ಸಂಘಗಳ ಜನ ಇದ್ದರು. ನೀರಿನಾಚೆ ದಡದಲ್ಲಿ ನಿಂತು ಗಲಾಟೆ ಮಾಡುವ ಗಂಡ ಇದ್ದ. ಕಾನ್ಸುಲ್ ಕಚೇರಿಯಲ್ಲಿ ಅವೊಂದೂ ಇರಲಿಲ್ಲ. ಇಂದು ಮುಂಬಯಿ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಅಮೆರಿಕದಲ್ಲಿ ನೆಲೆಸಲು ಹೊರಟವರು ವೀಸಾಕ್ಕೆ ಮುನ್ನ ಗೊತ್ತುಪಡಿಸಿದ ವೈದ್ಯರ ಬಳಿ ಎದೆಯ ಎಕ್ಸ್-ರೇ ತೆಗೆಸಿಕೊಳ್ಳಲು ಸರದಿಯಲ್ಲಿ ಕೂರುತ್ತಾರಲ್ಲ, ಅದರ ಮೂಲ ಇಲ್ಲಿದೆ. ಮಗನ ಬಳಿ ಹೋಗಿ ನೆಲೆಸಲು ಹೊರಟ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಆ ಕೋಣೆಯನ್ನು ಬಲ್ಲರು.

ತಪಾಸಣೆ ಹೊರಟುಹೋದ ಮೇಲೆ ಎಲ್ಲಿಸ್ ದ್ವೀಪ ಮುಖ್ಯವಾಗಿ ಗಡೀಪಾರಾದವರನ್ನು ಕೂಡಿಡುವ ತಾಣವಾಯಿತು. ಆಸ್ಪತ್ರೆ 1951ರಲ್ಲಿ ಮುಚ್ಚಿತು. ಅದರ ಕ್ಷಯರೋಗಿಗಳ ಕೋಣೆಯ ಕನ್ನಡಿಯೊಂದರಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆ ಕಾಣುತ್ತದೆ. ಪಾಳುಬಿದ್ದ ಕಟ್ಟಡವನ್ನು ನೋಡಲು ಹೋದವರು ಅದನ್ನು ತಪ್ಪದೆ ಚಿತ್ರ ತೆಗೆದುಕೊಳ್ಳುತ್ತಾರೆ.

ಚಿತ್ರವೆಂದಾಗ ಇನ್ನೊಬ್ಬ ನೌಕರನ ಹೆಸರನ್ನು ಹೇಳಬೇಕು. ಅಗಸ್ಟಸ್ ಶರ್ಮನ್ ಠಾಣೆ ತೆರೆದ ವರ್ಷವೇ ಅಲ್ಲಿ ಗುಮಾಸ್ತರಾಗಿ ಸೇರಿದವರು. ಕ್ಯಾಮೆರಾ ಅವರ ಹವ್ಯಾಸ. ವಿಚಾರಣೆಗೋ ಬಂಧುಗಳಿಗೋ ಕಾಯುತ್ತ ತಡೆಕೋಣೆಯಲ್ಲಿ ಉಳಿದವರನ್ನು ತಮ್ಮ ಊರಿನ ಉಡುಗೆಯಲ್ಲೇ ನಿಲ್ಲಿಸಿ ಅವರು ತೆಗೆದ ಸುಮಾರು 250 ಚಿತ್ರಗಳು ಉಳಿದಿವೆ: ಎತ್ತರದ ಟೋಪಿಯ ಕುರುಬರು, ಸಾಲಾಗಿ ನಿಂತ ಮಕ್ಕಳೊಡನೆ ತಾಯಂದಿರು. ಬಹುತೇಕರು ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದ್ದಾರೆ. ಒಳಗೆ ಬಿಟ್ಟರೋ ಇಲ್ಲವೋ ಎಂಬುದು ಹಲವರ ವಿಷಯದಲ್ಲಿ ಚಿತ್ರದಿಂದ ತಿಳಿಯುವುದಿಲ್ಲ. ಶರ್ಮನ್ 1925ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ‘ಆಗುವುದಿಲ್ಲ’ ಎಂಬ ಮಾತನ್ನು ವಾರ್ಸಾ, ನೇಪಲ್ಸ್‌ಗಳ ಕಚೇರಿಗಳಲ್ಲಿ ಹೇಳಲು ಆರಂಭಿಸಿದ್ದರು.